ಸೇವೆಯ ಹೆಸರಿನಲ್ಲಿ ಬಿಟ್ಟಿ

“ಈಗಿನ ನರ್ಸುಗಳಲ್ಲಿ ಸೇವಾ ಮನೋಭಾವವೇ ಉಳಿದಿಲ್ಲ.” ಪುಣೆಯ ಕನ್ನಡಿಗರು ನಾಲ್ಕು ಜನ ಸೇರಿದಲ್ಲಿ ಮಾತು ಆಸ್ಪತ್ರೆಯ ಕಡೆಗೆ ತಿರುಗಿತೆಂದರೆ ಈ ವಾಕ್ಯ ಬಂದೇ ಬರುತ್ತದೆ. ಮದುವೆಯ ಪಂಕ್ತಿಯಲ್ಲಿ ಕೇಳಿದ್ದೇವೆ, ಸಂಘದ ವಾರ್ಷಿಕ ಸಭೆಯ ಚಹದ ವಿರಾಮದಲ್ಲಿ ಕೇಳಿದ್ದೇವೆ, ಸೊಲ್ಲಾಪುರದ ಕಡೆ ಹೋಗುವ ರೈಲಿನಲ್ಲಿಯೂ ಕೇಳಿದ್ದೇವೆ. ಹೇಳುವವರು ಕೆಟ್ಟವರೇನಲ್ಲ. ತಾಯಿಯನ್ನೋ ಮಾವನವರನ್ನೋ ನರ್ಸಿಂಗ್ ಹೋಮಿನಲ್ಲಿ ಮಲಗಿಸಿ, ರಾತ್ರಿಯೆಲ್ಲ ಗಂಟೆ ಒತ್ತಿ ಬೇಸತ್ತವರು. ಆದರೂ ಈ ವಾಕ್ಯ ಸುಳ್ಳು. ಹೇಳಿದವರಿಗೆ ಅದರಿಂದ ಕಾಸಿನ ಲಾಭವಿಲ್ಲ; ಲಾಭ ಮಾಡಿಕೊಳ್ಳುವವರು ಬೇರೆಯೇ ಇದ್ದಾರೆ. ಆದ್ದರಿಂದಲೇ ಅದನ್ನು ಹಾಗೆಯೇ ಬಿಡಲು ನಾವು ಸಿದ್ಧರಿಲ್ಲ.

ಮೊದಲು ‘ಸಿಸ್ಟರ್’ ಎಂದರೆ ಯಾರು ಎಂಬುದನ್ನು ಬಿಡಿಸಿ ನೋಡೋಣ. ನಮ್ಮವರಲ್ಲಿ ಹೆಚ್ಚಿನವರಿಗೆ ಬಿಳಿಯ ಅಥವಾ ನೀಲಿಯ ಉಡುಪು ತೊಟ್ಟವರೆಲ್ಲರೂ ಸಿಸ್ಟರೇ. ಆ ಉಡುಪಿನೊಳಗೆ ನಾಲ್ಕು ಬಗೆಯ ಹೆಣ್ಣುಮಕ್ಕಳಿದ್ದಾರೆ. 4 ವರ್ಷ ಬಿ.ಎಸ್‌ಸಿ. ನರ್ಸಿಂಗ್ ಓದಿದವರು ಒಬ್ಬರು. 3 ವರ್ಷದ ಜಿ.ಎನ್.ಎಂ. ಶಿಕ್ಷಣ ಮುಗಿಸಿದವರು ಇನ್ನೊಬ್ಬರು. ಮೂರನೆಯವರು 2 ವರ್ಷದ ಎ.ಎನ್.ಎಂ., ಅಂದರೆ ಸಹಾಯಕ ದಾದಿ ಮತ್ತು ಸೂಲಗಿತ್ತಿಯ ತರಬೇತಿ ಪಡೆದು, ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿ ನಂಬರು ಪಡೆದವರು. ನಾಲ್ಕನೆಯವರಿಗೆ ಯಾವ ತರಬೇತಿಯೂ ಇಲ್ಲ. ಮಾಲೀಕರು ಕೊಟ್ಟ ಉಡುಪೊಂದೇ ಅವರ ಅರ್ಹತೆ. ಪುಣೆಯಲ್ಲಿ ‘ಮಾವಶಿ’ ಎಂದು ಕರೆಯಿಸಿಕೊಳ್ಳುವ ಆಯಾ ಈ ಲೆಕ್ಕದ ಹೊರಗೆ ಉಳಿಯುತ್ತಾಳೆ. ಅವಳ ಕಥೆ ಬರೆಯಲು ಇನ್ನೊಂದು ಸಂಚಿಕೆ ಬೇಕು. ಇಲ್ಲಿ ನಾವು ಹೇಳಹೊರಟಿರುವುದು ಮೂರನೆಯವಳ ಬಗ್ಗೆ. ಸಿಂಹಗಡ ರಸ್ತೆಯಿಂದ ಹಡಪಸರದವರೆಗೆ, ಪಿಂಪ್ರಿಯಿಂದ ಕಾತ್ರಜದವರೆಗೆ ಹದಿನೈದು ಇಪ್ಪತ್ತು ಹಾಸಿಗೆಗಳ ಸಣ್ಣ ನರ್ಸಿಂಗ್ ಹೋಮುಗಳನ್ನು ಬಹುಮಟ್ಟಿಗೆ ಹೊತ್ತು ನಿಂತವಳು ಅವಳೇ.

ಅವಳು ಎಲ್ಲಿಂದ ಬಂದಳು? 1946ರಲ್ಲಿ ಭೋರ್ ಸಮಿತಿ ತನ್ನ ವರದಿಯಲ್ಲಿ ದೇಶದೊಳಗಿನ ದಾದಿಯರ ಬರವನ್ನು ಬಿಚ್ಚಿ ತೋರಿಸಿತು. ಪೂರ್ಣ ತರಬೇತಿ ಪಡೆದವರು ಹಳ್ಳಿಹಳ್ಳಿಗೂ ಸಿಗುವ ತನಕ ಬಾಣಂತಿಯರು ಕಾಯುವಂತಿರಲಿಲ್ಲ. ಹೀಗಾಗಿ 1950ರ ದಶಕದ ಆರಂಭದಲ್ಲಿ 2 ವರ್ಷದ ಈ ಕಿರಿಯ ಶಿಕ್ಷಣ ಹುಟ್ಟಿತು. 1973ರಲ್ಲಿ ಕರ್ತಾರ್ ಸಿಂಗ್ ಸಮಿತಿ, ಒಬ್ಬೊಬ್ಬರು ಒಂದೊಂದು ರೋಗಕ್ಕೆಂದು ಹಳ್ಳಿ ಸುತ್ತುವುದನ್ನು ಬಿಟ್ಟು ಇವಳನ್ನೇ ವಿವಿಧೋದ್ದೇಶ ಆರೋಗ್ಯ ಕಾರ್ಯಕರ್ತೆಯನ್ನಾಗಿ ಮಾಡಬೇಕೆಂದಿತು. 1977ರಲ್ಲಿ ತರಬೇತಿಯನ್ನು 18 ತಿಂಗಳಿಗೆ ಇಳಿಸಿ, ಪಾಠವನ್ನು ಹಳ್ಳಿಯ ಕಡೆಗೆ ತಿರುಗಿಸಿದರು. ಈಗ ಮತ್ತೆ 2 ವರ್ಷವಾಗಿದೆ. ಬಯಲುಸೀಮೆಯಲ್ಲಿ 5,000 ಜನಕ್ಕೆ, ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ. ಅಲ್ಲಿ ಗರ್ಭಿಣಿಯರ ತಪಾಸಣೆ, ಸರಳ ಹೆರಿಗೆ, ಮಕ್ಕಳಿಗೆ ಲಸಿಕೆ, ಕುಟುಂಬ ಯೋಜನೆ. ಅವಳು ಕಲಿತದ್ದು ಮುಖ್ಯವಾಗಿ ಇಷ್ಟು. ಆದರೆ ಕಲಿತವರಿಗೆಲ್ಲ ಸರಕಾರದ ಕಾಯಂ ನೌಕರಿ ಎಲ್ಲಿದೆ? 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಮಿಷನ್ ಅನೇಕ ಎ.ಎನ್.ಎಂ.ಗಳನ್ನು ತೆಗೆದುಕೊಂಡಿತು, ಆದರೆ ಕರಾರಿನ ಮೇಲೆ. ಉಳಿದವರು ಪುಣೆಯ ಬಸ್ಸು ಹತ್ತುತ್ತಾರೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ, ಇಂಡಿ, ಆಳಂದದ ಕಡೆಯಿಂದ ಬರುವ ಈ ಹುಡುಗಿಯರಲ್ಲಿ ಮನೆಮಾತು ಕನ್ನಡವಾದವರು ಎಷ್ಟೋ ಜನ. ಮರಾಠಿಯಲ್ಲಿ “ಕಾಯ್ ಝಾಲಂ ಆಜಿ” ಎಂದು ಕೇಳುತ್ತಾರಾದ್ದರಿಂದ ನಮಗೆ ಗೊತ್ತಾಗುವುದಿಲ್ಲ, ಅಷ್ಟೆ.

ನಮ್ಮ ತಾಯಿಯವರ ಸೊಂಟದ ಎಲುಬು ಮುರಿದಾಗ ನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಹನ್ನೊಂದು ರಾತ್ರಿ ಕಳೆದೆವು. ಹದಿನೆಂಟು ಹಾಸಿಗೆ, ರಾತ್ರಿ ಪಾಳಿಗೆ ಒಬ್ಬಳೇ ಎ.ಎನ್.ಎಂ., ಜೊತೆಗೆ ಒಬ್ಬ ಮಾವಶಿ. ಸಾಮಾನ್ಯ ಆಸ್ಪತ್ರೆಯಲ್ಲಿ 5 ಹಾಸಿಗೆಗೆ ಒಬ್ಬ ನರ್ಸ್, ಬೋಧನಾ ಆಸ್ಪತ್ರೆಯಲ್ಲಿ 3 ಹಾಸಿಗೆಗೆ ಒಬ್ಬಳು ಇರಬೇಕೆಂಬುದು ಇಂಡಿಯನ್ ನರ್ಸಿಂಗ್ ಕೌನ್ಸಿಲಿನ ಮಾನದಂಡ. ಮಾನದಂಡ ದೆಹಲಿಯಲ್ಲಿತ್ತು, ಹುಡುಗಿ ಇಲ್ಲಿ ಓಡುತ್ತಿದ್ದಳು. ಸಲಾಯಿನ್ ಬಾಟಲಿ ಬದಲಿಸುವುದು, ಬಿ.ಪಿ. ನೋಡಿ ಬರೆಯುವುದು, ಇಂಜೆಕ್ಷನ್ ಕೊಡುವುದು ಅವಳ ಕೆಲಸವೇ. ಅದರ ನಡುವೆ ಟೆಲಿಫೋನು ಎತ್ತಬೇಕು, ಹೊಸ ರೋಗಿಯ ಮುಂಗಡ ಹಣ ಎಣಿಸಬೇಕು, ಔಷಧದ ಬಿಲ್ಲು ಹೊಂದಿಸಬೇಕು, ವಿಮೆಯ ಕಾಗದ ತುಂಬಬೇಕು, ಮಾವಶಿ ಬರದ ದಿನ ಬೆಡ್‌ಪ್ಯಾನ್ ತೊಳೆಯಬೇಕು, ಬೆಳಿಗ್ಗೆ ಡಾಕ್ಟರರಿಗೆ ಚಹಾ ತರಿಸಬೇಕು. ತಾಯಿಯವರು ನಿದ್ದೆಗಣ್ಣಿನಲ್ಲಿ ಕನ್ನಡದಲ್ಲಿ ನರಳಿದ್ದನ್ನು ಕೇಳಿ ಅವಳು ಥಟ್ಟನೆ, “ಮಲಗ್ರೆಬೇ, ನಾ ಇಲ್ಲೇ ಅದೀನಿ” ಎಂದಾಗಲೇ ನಮಗೆ ಅವಳ ಊರಿನ ದಿಕ್ಕು ತಿಳಿದದ್ದು.

ಮೂರನೆಯ ರಾತ್ರಿ ಮಾತು ಬೆಳೆಯಿತು. ಬೇಸರವಾಗುವುದಿಲ್ಲವೇ ಎಂದು ಕೇಳಿದೆವು. “ಪೇಶಂಟ್ ನೋಡ್ಕೊಳ್ಳಾಕ ಏನ್ ಬ್ಯಾಸರ್ರಿ ಕಾಕಾ, ಅದಕ್ಕs ಕಲ್ತೀನಿ. ಹೆರಿಗಿ ಮಾಡ್ಸಾಕ ಕಲ್ತೀನ್ರಿ, ಇಲ್ಲಿ ಲೇಬರ್ ರೂಮಿನಾಗ ನನಗ ಬಿಡಂಗಿಲ್ಲ. ಐ.ಸಿ.ಯು.ದಾಗ ನಿಲ್ಲು ಅಂತಾರ, ಅದನ್ನ ನನಗ ಯಾರೂ ಕಲಿಸಿಲ್ಲ. ಏನರ ತಪ್ಪಾತಂದ್ರ ಹೆಸರು ನಂದು,” ಎಂದಳು.

ಈ ಮೂರು ನಾಲ್ಕು ಮಾತಿನಲ್ಲಿ ಎಲ್ಲವೂ ಇದೆ. ಕಲಿತ ಕೆಲಸಕ್ಕೆ ಬಾಗಿಲು ಮುಚ್ಚಿದೆ. ಕಲಿಯದ ಕೆಲಸಕ್ಕೆ ಕೈಹಿಡಿದು ನೂಕುತ್ತಾರೆ. ಯಾವ ಹುದ್ದೆಗೂ ಸೇರದ ಕೆಲಸವೆಲ್ಲ ಅವಳ ಪಾಲಿಗೆ. ಸಂಬಳದ ದಿನ ಮಾತ್ರ ‘ನೀನು ಎ.ಎನ್.ಎಂ. ಅಲ್ಲವೇ’ ಎಂಬ ನೆನಪಾಗುತ್ತದೆ. ರಾತ್ರಿ ಒಂದು ಗಂಟೆಗೆ ರೋಗಿಯ ಉಸಿರು ಏರಿದಾಗ ಅವಳು ಪೂರ್ತಿ ನರ್ಸ್, ಒಂದನೆಯ ತಾರೀಖಿಗೆ ಅರ್ಧ ನರ್ಸ್. ಹೀಗೆ ನಡೆಸಿಕೊಂಡವಳ ಮುಖದಲ್ಲಿ ನಗು ಕಾಣಲಿಲ್ಲವೆಂದು ನಮ್ಮವರು ದೂರುತ್ತಾರೆ! ಇದರಲ್ಲಿ ರೋಗಿಗೂ ಅನ್ಯಾಯವಿದೆ ಎಂಬುದನ್ನು ಮರೆಯಬಾರದು. ಐ.ಸಿ.ಯು.ವಿನ ಬಾಡಿಗೆ ತೆತ್ತವರಿಗೆ, ಅಲ್ಲಿ ನಿಂತವಳಿಗೆ ಆ ಯಂತ್ರಗಳ ಪಾಠ ಆಗಿದೆಯೋ ಇಲ್ಲವೋ ಎಂದು ತಿಳಿಯುವ ಹಕ್ಕಿಲ್ಲವೇ?

ನಾವು ಕೇಂದ್ರ ಸರಕಾರದ ಗುಮಾಸ್ತರು. ಕಚೇರಿಯಲ್ಲಿ ಕೆಲಸದ ಹಂಚಿಕೆಯ ಆದೇಶವೆಂಬುದೊಂದು ಇರುತ್ತದೆ. ಯಾವ ಫೈಲು ಯಾರ ಮೇಜಿಗೆ, ಯಾರ ಸಹಿ ಎಲ್ಲಿಯವರೆಗೆ ಎಂದು ಅದರಲ್ಲಿ ಬರೆದಿರುತ್ತದೆ. ನಮ್ಮ ಮೇಜಿಗೆ ಸೇರದ ಒಂದು ಕಾಗದ ಬಂದರೆ ‘ಸಂಬಂಧಪಟ್ಟ ವಿಭಾಗಕ್ಕೆ’ ಎಂದು ಬರೆದು ಹಿಂದಕ್ಕೆ ಕಳಿಸುವ ಕಲೆ ನಮ್ಮವರಿಗೆ ಚೆನ್ನಾಗಿ ಗೊತ್ತು. ಬಡ್ತಿ ಸಿಗಲಿಲ್ಲವೆಂದು ಗೋಳಾಡುವವರಲ್ಲಿ ನಮ್ಮ ಸಂಘದ ಸದಸ್ಯರೇ ಅನೇಕರು. ಅವರಿಗೂ 10, 20, 30 ವರ್ಷಕ್ಕೆ ಒಂದೊಂದು ವೇತನ ಮೆಟ್ಟಿಲು ತಾನಾಗಿ ಸಿಗುವ ವ್ಯವಸ್ಥೆ 2008ರಿಂದ ಇದೆ. ನರ್ಸಿಂಗ್ ಹೋಮಿನ ಎ.ಎನ್.ಎಂ. 20 ವರ್ಷ ದುಡಿದರೂ ಅದೇ ಮೆಟ್ಟಿಲು. ಮಾಲೀಕರು ಬದಲಾದರೆ ಮತ್ತೆ ಮೊದಲಿನಿಂದ. ಅಂದಹಾಗೆ, ನಮ್ಮದೂ ಬಿ.ಎಸ್‌ಸಿ. ಪದವಿಯೇ. ಕಲಿತ ರಸಾಯನಶಾಸ್ತ್ರ ಶಾಯಿಯ ಕಲೆ ತೆಗೆಯಲಿಕ್ಕೂ ಉಪಯೋಗಕ್ಕೆ ಬಂದಿಲ್ಲ. ಅವಳ 2 ವರ್ಷದ ಕಲಿಕೆ ದಿನಕ್ಕೆ ನೂರು ಬಾರಿ ಒಬ್ಬರಲ್ಲ ಒಬ್ಬರ ಜೀವಕ್ಕೆ ತಾಗುತ್ತದೆ. 7ನೇ ವೇತನ ಆಯೋಗದ ಪಟ್ಟಿಯಲ್ಲಿ ಕೇಂದ್ರ ಸರಕಾರದ ಹಿರಿಯ ಗುಮಾಸ್ತನ ಆರಂಭದ ಮೂಲವೇತನ 25,500 ರೂಪಾಯಿ, ಸ್ಟಾಫ್ ನರ್ಸಿನದು 44,900 ರೂಪಾಯಿ. ಇದು ನ್ಯಾಯವೆಂದೇ ನಾವು ಒಪ್ಪುತ್ತೇವೆ. ಸರಕಾರ ಕಂಡುಕೊಂಡ ಈ ಬೆಲೆ ಖಾಸಗಿಯವರ ಕಣ್ಣಿಗೆ ಏಕೆ ಬೀಳುವುದಿಲ್ಲ ಎಂಬುದಷ್ಟೇ ಪ್ರಶ್ನೆ.

ಈ ಅರ್ಧ ನರ್ಸಿನ ಪಾಡು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದದ್ದಲ್ಲ. ಬ್ರಿಟನ್ನಿನಲ್ಲಿ ಯುದ್ಧದ ಕಾಲದಲ್ಲಿ ನರ್ಸುಗಳು ಸಾಲದಾದಾಗ 1943ರ ಕಾಯಿದೆಯಿಂದ ‘ಎನ್ರೋಲ್ಡ್ ನರ್ಸ್’ ಎಂಬ 2 ವರ್ಷದ ಎರಡನೆಯ ದರ್ಜೆಯನ್ನು ಹುಟ್ಟಿಸಿದರು. ವಾರ್ಡಿನಲ್ಲಿ ಅವರು ಮಾಡುತ್ತಿದ್ದ ಕೆಲಸಕ್ಕೂ ಮೇಲ್ದರ್ಜೆಯವರ ಕೆಲಸಕ್ಕೂ ಬಹಳ ಸಲ ವ್ಯತ್ಯಾಸವೇ ಇರುತ್ತಿರಲಿಲ್ಲ. ಬಡ್ತಿಯ ದಾರಿ ಮಾತ್ರ ಮುಚ್ಚಿತ್ತು. ವೆಸ್ಟ್ ಇಂಡೀಸಿನಿಂದ ಹಡಗು ಹತ್ತಿ ಬಂದ ಎಷ್ಟೋ ಹುಡುಗಿಯರನ್ನು, ಅವರಿಗೆ ವ್ಯತ್ಯಾಸ ತಿಳಿಯುವ ಮೊದಲೇ, ಈ ಕೆಳದರ್ಜೆಯ ತರಬೇತಿಗೆ ಸೇರಿಸಿಬಿಟ್ಟರು. ಕಡೆಗೆ 1980ರ ದಶಕದಲ್ಲಿ ಆ ದೇಶ ಈ ತರಬೇತಿಯನ್ನೇ ನಿಲ್ಲಿಸುವ ನಿರ್ಧಾರಕ್ಕೆ ಬಂದಿತು. ಇದ್ದವರಿಗೆ ಮೇಲೇರಲು ಪರಿವರ್ತನೆಯ ಶಿಕ್ಷಣ ಕೊಟ್ಟಿತು. ಅಮೆರಿಕದಲ್ಲಿ ಸುಮಾರು ಒಂದು ವರ್ಷ ಕಲಿತ ‘ಪ್ರಾಕ್ಟಿಕಲ್ ನರ್ಸ್’ ಇಂದಿಗೂ ಇದ್ದಾಳೆ. ಅವಳಿಗೆ ಲೈಸೆನ್ಸಿನ ಪರೀಕ್ಷೆ ಪ್ರತ್ಯೇಕ. ಅವಳು ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಆಯಾ ರಾಜ್ಯದ ಕಾನೂನು ಹೇಳುತ್ತದೆ. ನಮ್ಮಲ್ಲಿ ದರ್ಜೆಯನ್ನು ಉಳಿಸಿಕೊಂಡೆವು, ಗೆರೆ ಎಳೆಯುವುದನ್ನು ಬಿಟ್ಟೆವು.

ಏಣಿ ಇಲ್ಲವೇ ಎಂದರೆ, ಕಾಗದದ ಮೇಲೆ ಇದೆ. ನೋಂದಾಯಿತ ಎ.ಎನ್.ಎಂ. ಜಿ.ಎನ್.ಎಂ. ಶಿಕ್ಷಣಕ್ಕೆ ಸೇರಬಹುದು, ಅದಾದ ಮೇಲೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಕೂಡ ಮಾಡಬಹುದು. ಆದರೆ 3 ವರ್ಷ ಅವಳಿಗೆ ರಜೆ ಕೊಡುವವರಾರು? ಊರಿಗೆ ಹಣ ಕಳಿಸುವುದು ನಿಂತರೆ ತಮ್ಮನ ಶಾಲೆ ಏನಾಗಬೇಕು? ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಂಥಲ್ಲಿಯೇ ಹುಟ್ಟಿರಬೇಕು. ಏಣಿಯ ಬದಲಿಗೆ ಬಿರುದು ಕೊಡುವುದರಲ್ಲಿ ನಾವು ಧಾರಾಳಿಗಳು. 2016ರಲ್ಲಿ ಕೇಂದ್ರದ ಸ್ಟಾಫ್ ನರ್ಸ್ ‘ನರ್ಸಿಂಗ್ ಆಫೀಸರ್’ ಆದಳು. ಕರ್ನಾಟಕದ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಗೂ ‘ಅಧಿಕಾರಿ’ ಎಂಬ ಹೆಸರು ಸಿಕ್ಕಿದೆ. ಹೆಸರಿನ ಬಗ್ಗೆ ನಮ್ಮ ತಕರಾರಿಲ್ಲ. ಹೆಸರಿನಿಂದ ಪಾಳಿಯ ಹೊತ್ತು ಕಡಿಮೆಯಾಗಲಿಲ್ಲ ಎಂಬುದನ್ನು ಮಾತ್ರ ನೆನಪಿಸುತ್ತೇವೆ. 1947ರ ನರ್ಸಿಂಗ್ ಕೌನ್ಸಿಲ್ ಕಾಯಿದೆಯ ಜಾಗದಲ್ಲಿ ಪಾರ್ಲಿಮೆಂಟು 2023ರಲ್ಲಿ ಹೊಸ ಆಯೋಗದ ಕಾಯಿದೆಯನ್ನು ಮಾಡಿದೆ. ಸಿಂಹಗಡ ರಸ್ತೆಯ ಹದಿನೆಂಟು ಹಾಸಿಗೆಯ ತನಕ ಅದರ ಬಿಸಿ ತಟ್ಟಬೇಕಾದರೆ ಯಾರಾದರೂ ಕೇಳುವವರಿರಬೇಕು.

ಸಂಬಳದ ಮಾತಿಗೆ ಬರೋಣ. ಖಾಸಗಿ ಆಸ್ಪತ್ರೆಗಳ ದಾದಿಯರ ಸಂಬಳ ಮತ್ತು ಕೆಲಸದ ಸ್ಥಿತಿಯನ್ನು ಪರಿಶೀಲಿಸಲು ಸಮಿತಿ ನೇಮಿಸಬೇಕೆಂದು ಸುಪ್ರೀಂ ಕೋರ್ಟು 2016ರ ಜನವರಿಯಲ್ಲಿ ಕೇಂದ್ರಕ್ಕೆ ಹೇಳಿತು. ಸಮಿತಿ ನೇಮಕವಾಯಿತು, ವರದಿಯೂ ಬಂತು. 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಗಳು ಸರಕಾರಿ ನರ್ಸಿನಷ್ಟೇ ಕೊಡಬೇಕು. 100 ದಾಟಿದವು ಶೇಕಡಾ 10ಕ್ಕಿಂತ, 50 ದಾಟಿದವು ಶೇಕಡಾ 25ಕ್ಕಿಂತ ಕಡಿಮೆ ಮಾಡಬಾರದು. 50ಕ್ಕಿಂತ ಸಣ್ಣವಾದರೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು. ಜಾರಿಗೆ ತರುವ ಭಾರ ರಾಜ್ಯಗಳ ಮೇಲೆ ಬಿತ್ತು. ಕೇರಳದ ನರ್ಸುಗಳು 2017ರಲ್ಲಿ ಮುಷ್ಕರ ಹೂಡಿ ಬೀದಿಗಿಳಿದರು, 2018ರಲ್ಲಿ 20,000 ರೂಪಾಯಿಯ ಕನಿಷ್ಠ ವೇತನದ ಆಜ್ಞೆಯನ್ನು ಪಡೆದರು. ಅವರ ಬೆನ್ನಿಗೆ ಸಂಘವಿತ್ತು. ಸೊಲ್ಲಾಪುರದ ಕಡೆಯಿಂದ ಒಬ್ಬಂಟಿಯಾಗಿ ಬಂದು ಆರು ಹುಡುಗಿಯರ ಖೋಲಿಯಲ್ಲಿ ಮಲಗುವವಳ ಬೆನ್ನಿಗೆ ಯಾರಿದ್ದಾರೆ?

“ಹಾಗಾದರೆ ಬಿಲ್ಲು ಏರುತ್ತದಲ್ಲ, ಬಡವರ ಗತಿ?” ಎಂದು ನಮ್ಮ ಹಿರಿಯ ಮಿತ್ರರೊಬ್ಬರು ಕೇಳಿದರು. ಆ ಮಿತ್ರರು ತಮ್ಮ ಬಿಲ್ಲನ್ನು ಒಮ್ಮೆ ಬಿಡಿಸಿ ಓದಬೇಕು. ಖೋಲಿಯ ಬಾಡಿಗೆಯ ಕೆಳಗೆ ‘ನರ್ಸಿಂಗ್ ಚಾರ್ಜ್’ ಎಂಬ ಸಾಲು ದಿನಕ್ಕೆ ಇಷ್ಟೆಂದು ಇರುತ್ತದೆ. ಸಿ.ಜಿ.ಎಚ್.ಎಸ್. ಕಾರ್ಡು ಹಿಡಿದು ಹೋಗುವ ನಮ್ಮಂಥವರ ಪ್ಯಾಕೇಜಿನ ದರದಲ್ಲಿಯೂ ಶುಶ್ರೂಷೆಯ ವೆಚ್ಚ ಸೇರಿಕೊಂಡಿದೆ. ಅಂದರೆ ಹಣವನ್ನು ರೋಗಿ ಆಗಲೇ ಕೊಟ್ಟಾಗಿದೆ. ಹದಿನೆಂಟು ಹಾಸಿಗೆಗಳ ಆ ಸಾಲನ್ನು ಮೂವತ್ತು ದಿನಕ್ಕೆ ಗುಣಿಸಿ, ಮೂರು ಪಾಳಿಯ ಹುಡುಗಿಯರ ಸಂಬಳವನ್ನು ಅದರಲ್ಲಿ ಕಳೆಯಿರಿ. ಉಳಿದದ್ದು ಎಲ್ಲಿಗೆ ಹೋಯಿತೆಂದು ಕೇಳಲು ಗಣಿತದ ಪದವಿ ಬೇಕಿಲ್ಲ.

ಇನ್ನು ‘ಸೇವೆ’. ಈ ಊರಿನಲ್ಲಿ ಆ ಶಬ್ದಕ್ಕೆ ದೊಡ್ಡ ಪರಂಪರೆಯಿದೆ. 1897ರ ಪ್ಲೇಗಿನಲ್ಲಿ ರೋಗಿಗಳ ಶುಶ್ರೂಷೆ ಮಾಡುತ್ತಲೇ ಸಾವಿತ್ರಿಬಾಯಿ ಫುಲೆ ತೀರಿಕೊಂಡದ್ದು ಇಲ್ಲಿಯೇ. 1909ರಲ್ಲಿ ಪುಣೆಯ ಸೇವಾಸದನವನ್ನು ನಡೆಸತೊಡಗಿದ ರಮಾಬಾಯಿ ರಾನಡೆಯವರು, ಮನೆಯ ಮೂಲೆಯಲ್ಲಿ ಕೂತಿದ್ದ ವಿಧವೆಯರನ್ನು ಹೊರಗೆ ಕರೆತಂದು ಸಸೂನ್ ಆಸ್ಪತ್ರೆಯಲ್ಲಿ ದಾದಿಯ ತರಬೇತಿ ಕೊಡಿಸಿದರು. ಮೇಲ್ಜಾತಿಯ ಹೆಣ್ಣುಮಕ್ಕಳು ಪರರ ಮೈ ಮುಟ್ಟುವುದೇ ಎಂದು ಊರು ಗದ್ದಲ ಮಾಡಿದ ಕಾಲ ಅದು. ಅವರು ಆ ಹೆಂಗಸರಿಗೆ ಕೊಡಿಸಿದ್ದು ತಮ್ಮ ಕಾಲ ಮೇಲೆ ನಿಲ್ಲುವ ಒಂದು ವೃತ್ತಿಯನ್ನು. ಸೇವೆಯೆಂದು ಬಿಟ್ಟಿ ದುಡಿಸಲು ಕರೆತಂದವರಲ್ಲ.

ಅರುಣಾ ಶಾನಭಾಗರ ಹೆಸರನ್ನು ಈ ವಾದದಲ್ಲಿ ತರುವವರೂ ಇದ್ದಾರೆ. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಆಕೆಯ ಮೇಲೆ 1973ರ ನವೆಂಬರಿನಲ್ಲಿ ಆಸ್ಪತ್ರೆಯೊಳಗೇ ಅತ್ಯಾಚಾರವಾಯಿತು. ಆಕೆ ಮತ್ತೆ ಏಳಲಿಲ್ಲ. 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ಅಲ್ಲಿಯ ದಾದಿಯರು ಆಕೆಯನ್ನು ನೋಡಿಕೊಂಡರು. ಅಷ್ಟು ದೀರ್ಘಕಾಲ ಮಲಗಿದ್ದರೂ ಮೈಮೇಲೆ ಒಂದು ಹಾಸಿಗೆ ಹುಣ್ಣೂ ಇಲ್ಲವೆಂಬುದನ್ನು 2011ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಮೆಚ್ಚಿ ಬರೆಯಿತು. “ನೋಡಿ, ಸೇವೆಯೆಂದರೆ ಇದು” ಎನ್ನುತ್ತಾರೆ. ಸರಿ, ಪೂರ್ತಿ ನೋಡೋಣ. ಅದು ಮಹಾನಗರಪಾಲಿಕೆಯ ಆಸ್ಪತ್ರೆ. ಆ ದಾದಿಯರಿಗೆ ಕಾಯಂ ನೌಕರಿಯಿತ್ತು, ಸಂಬಳದ ಶ್ರೇಣಿಯಿತ್ತು, ರಜೆಯಿತ್ತು, ಪಿಂಚಣಿಯಿತ್ತು. ಅನ್ಯಾಯವಾದಾಗ ಕೆಲಸ ನಿಲ್ಲಿಸಿ ಪ್ರತಿಭಟಿಸುವ ಎದೆಗಾರಿಕೆಯಿತ್ತು. 1973ರಲ್ಲಿ ಅವರು ಮುಷ್ಕರವನ್ನೂ ಹೂಡಿದರು. ಒಬ್ಬಳು ನಿವೃತ್ತಳಾದರೆ ಇನ್ನೊಬ್ಬಳು ಆ ಹಾಸಿಗೆಯ ಬಳಿ ಬಂದು ನಿಲ್ಲುತ್ತಿದ್ದುದರಿಂದ 42 ವರ್ಷ ಸಾಗಿತು. ಆರು ತಿಂಗಳಿಗೊಮ್ಮೆ ನರ್ಸಿಂಗ್ ಹೋಮು ಬದಲಿಸಬೇಕಾದ ಹುಡುಗಿಯಿಂದ ಅಂಥದನ್ನು ನಿರೀಕ್ಷಿಸುವುದು ಯಾವ ನ್ಯಾಯ?

ಮಾಲೀಕರನ್ನಷ್ಟೇ ಬೈದು ಮುಗಿಸಿದರೆ ಈ ಲೇಖನ ಅರ್ಧವಾದೀತು. 2020ರ ಮಾರ್ಚ್ 9ರಂದು ಮಹಾರಾಷ್ಟ್ರದ ಮೊದಲ ಕೊರೋನಾ ರೋಗಿಗಳು ಪತ್ತೆಯಾಗಿ ಸೇರಿದ್ದು ನಮ್ಮ ಪುಣೆಯ ನಾಯ್ಡು ಆಸ್ಪತ್ರೆಗೆ. 22ರ ಸಂಜೆ 5 ಗಂಟೆಗೆ ಗ್ಯಾಲರಿಯಲ್ಲಿ ನಿಂತು ತಾಟು ಬಡಿದವರಲ್ಲಿ ನಮ್ಮವರೂ ಇದ್ದರು. ಮರುವಾರವೇ ದೇಶದ ಊರೂರುಗಳಿಂದ, ಬಾಡಿಗೆಯ ನರ್ಸುಗಳನ್ನು ಮನೆ ಬಿಡಿಸಿದ ಸುದ್ದಿ ಬರತೊಡಗಿತು. ಆರೋಗ್ಯ ಸಿಬ್ಬಂದಿಯ ಮೇಲೆ ಕೈಮಾಡಿದವರಿಗೆ ಶಿಕ್ಷೆ ವಿಧಿಸಲು ಏಪ್ರಿಲ್ 22ರಂದು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಮಗ ಅಮೆರಿಕದಲ್ಲಿ, ಮಗಳು ಬೆಂಗಳೂರಿನಲ್ಲಿ, ಇಲ್ಲಿ ಮುದುಕರಿಬ್ಬರೇ ಎಂಬ ಮನೆಗಳು ನಮ್ಮ ಸಂಘದಲ್ಲಿ ಈಗ ಬಹಳ. ಅವರ ಆಧಾರ ಬ್ಯೂರೋದಿಂದ ಬರುವ ಹನ್ನೆರಡು ತಾಸಿನ ‘ನರ್ಸ್’. ಅಂಥ ಕೆಲವು ಮನೆಗಳಲ್ಲಿ ಅವಳ ಲೋಟ ಬೇರೆ, ಊಟದ ಜಾಗ ಬೇರೆ. ಅಜ್ಜನಿಗೆ ಇನ್ಸುಲಿನ್ ಕೊಟ್ಟ ಕೈಯಿಂದಲೇ ಮೊರಿಯಲ್ಲಿ ಬಿದ್ದ ಪಾತ್ರೆ ತಿಕ್ಕಿಸುತ್ತಾರೆ, “ಖಾಲಿ ಕೂತಾಳಲ್ಲ” ಎನ್ನುತ್ತಾರೆ. ಅವಳಿಗೆಂದು ಕೊಟ್ಟ ಹಣದಲ್ಲಿ ಬ್ಯೂರೋದವರ ಪಾಲೆಷ್ಟು ಎಂದು ಕೇಳಿದವರನ್ನು ನಾವಂತೂ ಕಂಡಿಲ್ಲ. ಮದುವೆಯ ಮಾತಿನಲ್ಲಿ “ಹುಡುಗಿ ನರ್ಸಂತೆ” ಎಂದು ದನಿ ಇಳಿಸುವವರು, ಅದೇ ಹುಡುಗಿ ಲಂಡನ್ನಿನಲ್ಲಿ ನರ್ಸೆಂದು ತಿಳಿದರೆ ದನಿ ಏರಿಸುವುದನ್ನು ಮಾತ್ರ ಬಹಳ ಸಲ ಕಂಡಿದ್ದೇವೆ.

ಸಂಘ ಏನು ಮಾಡಬಹುದೆಂದು ಕೇಳುವವರಿಗೆ ನಮ್ಮ ಸೂಚನೆ ಸಿದ್ಧವಿದೆ. ನರ್ಸಿಂಗ್ ಹೋಮಿಗೆ ಸೇರಿಸುವಾಗ ಡಾಕ್ಟರರ ಪದವಿ ಕೇಳಿದಂತೆ, ರಾತ್ರಿ ಪಾಳಿಯಲ್ಲಿ ಎಷ್ಟು ಜನ ನೋಂದಾಯಿತ ನರ್ಸುಗಳಿದ್ದಾರೆ ಎಂದು ಕೇಳಿರಿ. ನೂರು ಕುಟುಂಬ ಕೇಳತೊಡಗಿದರೆ ಉತ್ತರ ಸಿದ್ಧಪಡಿಸಿಕೊಳ್ಳದೆ ಅವರಿಗೆ ಗತಿಯಿಲ್ಲ. ಬ್ಯೂರೋದವಳು ಮನೆಗೆ ಬಂದ ಮೊದಲ ದಿನವೇ ಅವಳ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿರಿ. ಅದರಲ್ಲಿ ಪಾತ್ರೆ ಇರಬಾರದು. ಇವೆರಡಕ್ಕೂ ಹಣ ಬೇಡ. ಹಣ ಬೇಕಾದದ್ದು ಮೂರನೆಯದಕ್ಕೆ. ನಮ್ಮ ವಿದ್ಯಾರ್ಥಿವೇತನಗಳೆಲ್ಲ ಇಂಜಿನಿಯರಿಂಗ್, ವೈದ್ಯಕೀಯ ಓದುವ ಮಕ್ಕಳಿಗೇ ಹೋಗುತ್ತವೆ, ಅದೂ ಬಹುಪಾಲು ಅನುಕೂಲಸ್ಥರ ಮನೆಗೆ. ಅವುಗಳಲ್ಲಿ ಒಂದನ್ನು, ಪುಣೆಯಲ್ಲಿ ದುಡಿಯುತ್ತಿರುವ ಕನ್ನಡದ ಎ.ಎನ್.ಎಂ. ಒಬ್ಬಳು ಜಿ.ಎನ್.ಎಂ. ಓದುವ 3 ವರ್ಷಗಳಿಗೆ ಮೀಸಲಿಡಬೇಕು. ಫೀ ಮಾತ್ರ ಕೊಟ್ಟರೆ ಸಾಲದು. ಆ 3 ವರ್ಷ ಅವಳು ಊರಿಗೆ ಕಳಿಸಲಾಗದ ಹಣದ ಒಂದು ಭಾಗವೂ ಅದರಲ್ಲಿ ಸೇರಿರಬೇಕು.

ಈ ಮೂರನೆಯ ಸೂಚನೆಯನ್ನು ಠರಾವಿನ ರೂಪದಲ್ಲಿ ಬರೆದು ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇವೆ. ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಅದು ಚರ್ಚೆಗೆ ಬರುವುದು. ಸೂಚಕರ ಸಹಿ ನಮ್ಮದು; ಅನುಮೋದಕರ ಜಾಗ ಇನ್ನೂ ಖಾಲಿ ಇದೆ. ನರ್ಸುಗಳಲ್ಲಿ ಸೇವಾ ಮನೋಭಾವ ಉಳಿದಿಲ್ಲವೆಂದು ಚಹದ ಕಪ್ಪು ಹಿಡಿದು ಹೇಳಿದವರಲ್ಲಿ ಯಾರಾದರೂ ಮುಂದೆ ಬಂದು ಆ ಸಹಿ ಹಾಕಿದರೆ ನಮಗೆ ಹೆಚ್ಚು ಸಂತೋಷ.